ಏಣಿ ಇಳಿದ ಸಂಜೆ

ನನಗೆ ಮರೆವು ಅಂತ ನಕ್ಕೋರು, ಬೆಳಿಗ್ಗೆ ನಿಮ್ಮ ಕನ್ನಡಕ ಎಲ್ಲಿಟ್ರಿ ಅಂತ ಮೊದ್ಲು ಹೇಳಿ ನೋಡೋಣ. ಇದು ನನ್ನ ಕಣ್ಣೆದುರೇ ನಡೆದದ್ದು. ನಾನು ಮೆಟ್ಟಿಲ ಮೇಲೇ ಕೂತಿದ್ದೆ. ಸುಮ್ನೆ ಕೇಳಿ.

ನಮ್ಮ ಬಿಲ್ಡಿಂಗಲ್ಲಿ ಒಬ್ಬ ಇದ್ದ. ಮಾವನ ಮನೇಲೇ ಬಿಡಾರ, ಅದಕ್ಕೆ ಎಲ್ರಿಗೂ ಅವನು ಅಳಿಯಾನೇ. ಇದ್ದ ಕೆಲಸ ಬಿಟ್ಟು ಆಪ್ ಮಾಡ್ದ. ಮನೇಲಿ ಸುಮ್ನೆ ಬಿದ್ದಿರೋ ಏಣಿ, ಡ್ರಿಲ್ಲಿಂಗ್ ಮಶೀನು, ಸೂಟ್‌ಕೇಸು ಅಕ್ಕಪಕ್ಕದೋರಿಗೆ ಬಾಡಿಗೆಗೆ ಕೊಡೋದು, ಇವನಿಗೆ ಕಮಿಷನ್ನು. ಕೂಪನ್ ಹಂಚೋ ತನಕ ಜನ ಇರುವೆ ಥರ ಮುತ್ತಿದ್ರು. ಕೂಪನ್ ನಿಂತಿದ್ದೇ ತಡ, ಆಪು ರಜದಲ್ಲಿ ಸ್ಕೂಲಿದ್ದ ಹಾಗೆ ಭಣಭಣ.

ಅವತ್ತು ಸಂಜೆ ಆಪಿಗೆ ದುಡ್ಡು ಹಾಕೋ ಸಾಹೇಬ್ರು ಬರೋರು. ಅವ್ರ ಮುಂದೆ ಒಂದಾದ್ರೂ ಬುಕಿಂಗ್ ಆಗ್ಬೇಕು. ಇಲ್ದಿದ್ರೆ ನಾಳೆಯಿಂದ ಮಾವನ ಬಣ್ಣದಂಗಡೀಲಿ ಡಬ್ಬ ಎತ್ತಿಡ್ಬೇಕು ಅಂತ ಮಾತಾಗಿತ್ತು.

ಕೆಳಗಿನ ಮನೆ ಟೈಲರಮ್ಮನ ಪರದೆ ಕಳಚಿ ಬಿದ್ದಿತ್ತು. ಅಳಿಯ ಓಡಿದ. ಆಪಲ್ಲಿ ಏಣಿ ಬುಕ್ ಮಾಡಿ ಅಂತ ಗೋಗರೆದ.

"ಮೇಲಿನ ಮನೆ ಮೇಷ್ಟ್ರ ಹತ್ರ ಏಣಿ ಇದೆ ಅಂತ ಆಪಲ್ಲಿ ತೋರಿಸ್ಕೊಟ್ಟೋನೇ ನೀನಲ್ವೇನಪ್ಪಾ? ಈಗ ಒಂದು ಕೂಗು ಹಾಕಿದ್ರೆ ಸಾಕು," ಅಂದ್ಳು ಆಕೆ.

ಕೊನೆಗೆ ಅಳಿಯ ತನ್ನ ಕೈಯಿಂದಲೇ ಬಾಡಿಗೆ ಕೊಡ್ತೀನಿ ಅಂದ್ಮೇಲೆ ಒಪ್ಪಿದ್ಳು. ಆದ್ರೆ ಮೇಷ್ಟ್ರು ಮುಖ ಊದಿಸ್ಕೊಂಡ್ರು. ದಿನಾ ನೋಡೋ ಹೆಂಗಸಿನ ಹತ್ರ ಬಾಡಿಗೆ ಈಸ್ಕೊಳ್ಳೋಕೆ ನಾನೇನು ಅಂಗಡಿ ಇಟ್ಟಿದ್ದೀನಾ ಅಂತ. ಅಳಿಯ ಅವ್ರ ಕಾಲು ಹಿಡಿಯೋದೊಂದು ಬಾಕಿ.

ಸಾಹೇಬ್ರು ಬಂದ್ರು. ಫೋನು ಟಿಂಗ್ ಅಂತು, ಮೇಷ್ಟ್ರು ಗೊಣಗ್ತಾ ಒಪ್ಪಿಗೆ ಒತ್ತಿದ್ರು, ಏಣಿ ಇಳೀತು, ಪರದೆ ಏರ್ತು. ಅಳಿಯನ ಮುಖ ಹೊಸ ಬಲ್ಬಿನ ಹಾಗೆ ಹೊಳೀತು.

ಸಾಹೇಬ್ರು ಏಣೀನ ತಟ್ಟಿ ನೋಡಿದ್ರು. "ಗಟ್ಟಿಯಾಗಿದೆ. ನಮ್ಮನೆ ಅಟ್ಟ ಕ್ಲೀನ್ ಮಾಡ್ಬೇಕಿತ್ತು. ಮೇಷ್ಟ್ರೇ, ನಿಮ್ಮ ನಂಬರ್ ಕೊಡ್ತೀರಾ?"

"ನಂಬರ್ ಯಾಕೆ, ಏಣೀನೇ ತಗೊಂಡ್ಹೋಗಿ," ಅಂದ್ರು ಮೇಷ್ಟ್ರು.

ಕಾರಿನ ಮೇಲೆ ಏಣಿ ಕಟ್ಟೋಕೆ ಹಗ್ಗ ಹಿಡಿದಿದ್ದು ಯಾರು ಅಂದ್ಕೊಂಡ್ರಿ? ನಮ್ಮ ಅಳಿಯ. ಬಿಗೀತಾ ಬಿಗೀತಾ ಮೆಲ್ಲಗೆ ಕೇಳ್ದ, ಸಾರ್, ನಮ್ಮ ಆಪಿನ ವಿಷಯ ಅಂತ.

"ನಾನೇ ನಿಮ್ಮ ಆಪ್ ಬಿಟ್ಟು ತಗೊಂಡೆ. ಇನ್ನು ಯಾರು ಬಳಸ್ತಾರಪ್ಪಾ?" ಅಂದು ಕಾರು ಬಿಟ್ರು.

ತಿರುಗಿದ್ರೆ ಬಾಗಿಲಲ್ಲಿ ಮಾವ. ಬೈಲಿಲ್ಲ ಪುಣ್ಯಾತ್ಮ. "ನಾಳೆ ಅಂಗಡಿಗೆ ಬರ್ತಾ ದಾರೀಲಿ ಸಾಹೇಬ್ರ ಮನೆಯಿಂದ ಆ ಏಣಿ ಈಸ್ಕೊಂಡು ಬಾ. ಬೋರ್ಡ್ ಒರೆಸ್ಬೇಕು. ಮೇಷ್ಟ್ರಿಗೆ ಆಗ್ಲೇ ಹೇಳಿದ್ದೀನಿ."

ಇಷ್ಟೇ ಕತೆ. ಕೇಳಿದ್ಮೇಲೆ ಹೊಟ್ಟೇಲಿ ಇಟ್ಕೋಬೇಡಿ, ಪಕ್ಕದ ಮನೆಯೋರಿಗೂ ಹೇಳಿ. ಗೋಡೆ ಮೇಲಿಂದ ಕೂಗಿದ್ರೂ ಸಾಕು.