ಮಾವನ ಕಾರಿನ ಹಳದಿ ದೀಪ

ನಮ್ಮ ಸೋದರಮಾವನ ತಲೆ ಕೆಟ್ಟಿದೆ ಎನ್ನುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಕೆಡುವುದಕ್ಕೆ ಅದು ಯಾವತ್ತು ಸರಿಯಾಗಿತ್ತು ಸ್ವಾಮಿ? ಶಿವಮೊಗ್ಗದಲ್ಲಿ ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತರಾದ ಈ ಮಹಾಶಯರಿಗೆ ಸ್ವಂತ ಕಾರಿದೆ, ಓಡಿಸಲು ಬರುವುದಿಲ್ಲ. ಪಕ್ಕದಲ್ಲಿ ಕೂತು ನನ್ನನ್ನು ಓಡಿಸುತ್ತಾರೆ!

ಹೋದ ವಾರ ಆ ಕಾರಿನಲ್ಲಿ, ಟೈರಿನ ಗಾಳಿ ಕಡಿಮೆಯಾದರೆ ಉರಿಯುವ ಹಳದಿ ದೀಪ ಹತ್ತಿಕೊಂಡಿತು. ಮಂಡಿ ಆಪರೇಷನ್ ಆಗಿ ಭದ್ರಾವತಿಯ ತಂಗಿ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಅತ್ತೆಯನ್ನು ಭಾನುವಾರ ಕರೆತರಬೇಕಿತ್ತು. ಸುದ್ದಿ ತಿಳಿದ ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು: "ಆ ದೀಪ ಆರೋವರ್ಗೂ ನಾನು ಗಾಡಿ ಹತ್ತಲ್ಲ!" ಅಷ್ಟು ದಿನದಿಂದ ನನ್ನ ಕೈಯ ಉಪ್ಪಿಟ್ಟು ತಿನ್ನುತ್ತಿದ್ದ ಮಾವನ ಮುಖ ಚಿಕ್ಕದಾಯಿತು.

ಗಾಳಿ ತುಂಬಿಸಿದೆವು. ದೀಪ ಆರಿತು. ಬೆಳಿಗ್ಗೆ ನೋಡಿದರೆ ಮತ್ತೆ ಉರಿಯುತ್ತಿದೆ! ಪಂಕ್ಚರ್ ಅಂಗಡಿಯವನು ಚಕ್ರಗಳನ್ನೆಲ್ಲ ಬಿಚ್ಚಿ ನೀರಲ್ಲಿ ಅದ್ದಿದ. ಒಂದು ಗುಳ್ಳೆಯೂ ಬರಲಿಲ್ಲ.

"ಸೆನ್ಸರ್ ಹೋಗಿರ್ಬೇಕು ಸಾರ್."

"ಸೆನ್ಸರ್ ಅಲ್ಲಪ್ಪ, ವಾಯುಪ್ರಕೋಪ," ಎಂದರು ಮಾವ. "ದೇಹದಲ್ಲಿ ವಾಯು ಎಷ್ಟು? ಐದು. ಕಾರಲ್ಲಿ ಚಕ್ರ? ಸ್ಟೆಪ್ನಿ ಸೇರಿ ಐದು! ಈ ಹಿಂದಿನದು ಅಪಾನವಾಯು. ಅದು ಹೇಳಿದ ಮಾತು ಕೇಳಲ್ಲ."

ಅಪಾನ ಅಂದರೇನು ಎಂದು ಅವನು ಕೇಳಿದ. ಮಾವ ವಿವರವಾಗಿಯೇ ಹೇಳಿದರು. ಪಾಪ, ಆಮೇಲೆ ಅವನು ಆ ಚಕ್ರವನ್ನು ಮೂಗು ಮುಚ್ಚಿಕೊಂಡೇ ಜೋಡಿಸಿದ.

ಶನಿವಾರ ಮತ್ತೆ ದೀಪ! ಮಾವನ ಸಂಶೋಧನೆಯೂ ಮುಂದುವರಿಯಿತು. "ಹೋದ ತಿಂಗಳು ಕುಂಸೀಲಿ ಗಾಳಿ ಹಾಕ್ಸಿದ್ವಲ್ಲ? ಒಳಗೆ ಕುಂಸಿ ಗಾಳಿ, ಅದರ ಮೇಲೆ ಶಿವಮೊಗ್ಗದ ಗಾಳಿ. ಎರಡಕ್ಕೂ ಆಗಿಬರ್ತಿಲ್ಲ ಕಣೋ!"

ಸರಿ, ಭಾನುವಾರ ಭದ್ರಾವತಿಗೆ ಹೋಗುವಾಗ ಮಾಚೇನಹಳ್ಳಿಯಲ್ಲಿ ಹಳೇ ಗಾಳಿಯನ್ನೆಲ್ಲ ಬಿಡಿಸಿದೆವು. ಅದು ಹೋಗುವಾಗ ಮಾವ ಕೈಮುಗಿದರು! ಹೊಸದು ತುಂಬಿಸಿದ ಮೇಲೆ ದೀಪ ಆರಿತು.

ಭದ್ರಾವತಿ ತಲುಪಿ, ಅತ್ತೆಯ ಬ್ಯಾಗು ತರಲೆಂದು ಅವರ ತಂಗಿಯ ಮನೆಯೊಳಗೆ ಹೋಗಿ ಬರುತ್ತೇನೆ, ಮಾವ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಅತ್ತೆಯ ಹೇರ್‌ಪಿನ್ನು. ವಾಲ್ವಿನಿಂದ ಸುಸ್ಸ್ ಅಂತ ಶಬ್ದ!

"ಮಾವ! ದಿನಾ ಗಾಳಿ ಬಿಡ್ತಿದ್ದಿದ್ದು ನೀವಾ?"

"ಒಂಚೂರು ಕಣೋ. ಇಷ್ಟಕ್ಕೆಲ್ಲ ದೀಪ ಹತ್ತುತ್ತಾ?" ಎಂದವರು ದನಿ ತಗ್ಗಿಸಿದರು. "ಟೈರು ಗಟ್ಟಿ ಇದ್ರೆ ಗಾಡಿ ಎತ್ತಿ ಹಾಕುತ್ತೆ ಮಾರಾಯ. ಅವಳ ಮಂಡಿ ತಡೆಯಲ್ಲ. ಆಸ್ಪತ್ರೇಲಿ ಅವಳು ನೋವಲ್ಲಿ ಕೂಗಿದ್ದು ನೀನು ಕೇಳಿಲ್ಲ."

ನಾನು ಬಗ್ಗಿ ವಾಲ್ವಿನ ಮುಚ್ಚಳ ತಿರುಗಿಸಿ ಹಾಕಿದೆ. ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು.

"ಹೋಗಿ ಗಾಳಿ ತುಂಬ್ಸಿಕೊಂಡು ಬಾರೋ," ಎಂದರು ನನಗೆ. ಆಮೇಲೆ ಮಾವನಿಗೆ, "ನೀವು ಇವತ್ತು ಮುಂದೆ ಕೂರ್ಬೇಡಿ. ಹಿಂದೆ ನನ್ನ ಪಕ್ಕ ಕೂತ್ಕೊಳ್ಳಿ, ಅಷ್ಟು ಸಾಕು."

ವಾಪಸು ಬರುವಾಗ ದೀಪ ಹತ್ತಲೇ ಇಲ್ಲ. ಒಂದೊಂದು ಹಂಪ್ ಬಂದಾಗಲೂ ಮಾವ "ನಿಧಾನ, ನಿಧಾನ" ಎನ್ನುತ್ತಾ ಎರಡೂ ಕೈಯಲ್ಲಿ ಅತ್ತೆಯ ಕಾಲನ್ನು ಎತ್ತಿ ಹಿಡಿಯುತ್ತಿದ್ದರು. ಲಗೇಜು ಆಟೋಗಳು ಸಹ ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋದವು. ಹೋಗಲಿ ಬಿಡಿ! ಶಿವಮೊಗ್ಗ ಮುಟ್ಟುವವರೆಗೂ ನಾನು ನಿಧಾನವಾಗಿಯೇ ಓಡಿಸಿದೆ.