ಹಿಮಕ್ಕೆ ಹೆದರಿದ ಚರಂಡಿ

ಮಳೆಯೇ ಅಪರೂಪವಾದ ಊರಲ್ಲಿ ಮಳೆನೀರಿನ ಚರಂಡಿ ಹಾಕುವವನನ್ನು ಯಾರು ತಾನೇ ನಂಬಿಯಾರು? ಎಪ್ಪತ್ತರ ದಶಕದ ಕೊನೆಗೆ ಬಹರೈನಿನಲ್ಲಿ ನಾನು ಫೋರ್‌ಮನ್ ಆಗಿದ್ದಾಗ ಪ್ರತಿ ಸೈಟಿನಲ್ಲೂ ಅಡಿಪಾಯಕ್ಕಿಂತ ಮೊದಲು ಸಂಶಯ ಏಳುತ್ತಿತ್ತು. ಸನದ್ ಎಂಬಲ್ಲಿನ ಒಂದು ಮನೆಯಲ್ಲಂತೂ ನನ್ನ ಕೆಲಸಕ್ಕೇ ಕುತ್ತು ಬಂತು. ಊರಲ್ಲಿ ತಂಗಿಯ ಮದುವೆ ನಿಶ್ಚಯವಾಗಿದ್ದ ಸಮಯ. ಕೆಲಸ ಹೋದರೆ ಮದುವೆಯೂ ಹೋದಂತೆಯೇ.

೧. ಚಳಿಗಾಲದ ನಕ್ಷೆ

ನಮ್ಮ ಇಂಜಿನಿಯರ್ ಸಾಹೇಬರು ಚಳಿದೇಶದವರು. ನಕ್ಷೆಯನ್ನೂ ಅಲ್ಲಿಂದಲೇ ತಂದಿದ್ದರು. ಅದರಲ್ಲಿ ಪೈಪು ಆಳುದ್ದದ ಗುಂಡಿಯಲ್ಲಿತ್ತು.

"ಇಷ್ಟು ಆಳ ಯಾಕೆ ಸರ್?"

"ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದರೆ ಪೈಪು ಒಡೆಯುತ್ತದೆ."

ನಾನು ಹಣೆಯ ಬೆವರು ಒರೆಸಿಕೊಂಡೆ. "ಇಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ ಸರ್."

ಅವರು ಕಣ್ಣು ಕಿರಿದು ಮಾಡಿದರು. "ನೀನು ಇಲ್ಲಿ ಎಷ್ಟು ಚಳಿಗಾಲ ನೋಡಿದ್ದೀ?"

"ಎರಡು."

"ಮೂರನೆಯದು ನಿನಗೆ ಹೇಗೆ ಗೊತ್ತು?"

ನಮ್ಮ ಆಳುಗಳು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಪೈಪನ್ನು ಹಿಮದಿಂದ ಕಾಪಾಡಲು ಬಿಸಿಲಲ್ಲಿ ಅಗೆಯತೊಡಗಿದರು.

೨. ತೂತಿನ ಪೈಪು

ಅಡಿಪಾಯದ ಸುತ್ತ ಹಾಕುವ ಪೈಪಿಗೆ ತೂತುಗಳಿರುತ್ತವೆ. ಮಣ್ಣಿನ ನೀರು ಅದರೊಳಗೆ ಇಳಿದು ದೂರ ಹೋಗಬೇಕು. ಮನೆಯ ಯಜಮಾನರು, ಅಲ್ಲಿನ ಮಾತಿನಲ್ಲಿ ಅರ್ಬಾಬ್, ಒಂದು ಪೈಪು ಎತ್ತಿ, ಬೆಳಕಿಗೆ ಹಿಡಿದು ನೋಡಿ ಕೆಂಡವಾದರು.

"ಖರಾಬ್ ಮಾಲು! ಎಲ್ಲಾ ತೂತು!"

"ಅರ್ಬಾಬ್, ನೀರು ಒಳಗೆ ಹೋಗಲಿಕ್ಕೇ ಈ ತೂತು."

"ಹೋದ ನೀರಿಗೆ ಹೊರಗೆ ಬರಲಿಕ್ಕೆ ಗೊತ್ತಿಲ್ಲವಾ?"

ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಶುಕ್ರವಾರದ ವಾರದ ರಜೆ ಮುಗಿಸಿ ಶನಿವಾರ ಬಂದು ನೋಡುತ್ತೇನೆ, ಪ್ರತಿ ತೂತಿಗೂ ನೀಟಾಗಿ ಸಿಮೆಂಟು ಮೆತ್ತಿದೆ! ಅರ್ಬಾಬ್ ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿದರು: "ನಿನ್ನ ಮಾನ ಉಳಿಸಿದ್ದೇನೆ. ಇಂಜಿನಿಯರಿಗೆ ಹೇಳಬೇಡ."

೩. ಪಾನಿ ಕೋ ನಮಸ್ತೆ

ಹೊಸ ಪೈಪು ಬಂತು. ಆದರೆ ಹತ್ತಿರದಲ್ಲೇ ಸಮುದ್ರ. ಹಿಮದ ಆಳಕ್ಕೆ ಅಗೆದ ಗುಂಡಿಯಲ್ಲಿ ನೀರು ಉಕ್ಕಿತು. ಪಂಪು ಹಾಕಿ ತೆಗೆದಷ್ಟೂ ಮತ್ತೆ ಬಂತು. ನಾನೇ ಕದ್ದು ನೀರು ಬಿಟ್ಟಿದ್ದೇನೆಂದು ಸಾಹೇಬರಿಗೆ ಸಂಶಯ. "ನಾಳೆ ಅರ್ಬಾಬ್ ಬಂದಾಗ ಗುಂಡಿ ಒಣಗಿರಬೇಕು. ಇಲ್ಲದಿದ್ದರೆ ನೀನು ಊರಿಗೆ!" ಎಂದರು.

ಮರುದಿನ ಸೈಟಿಗೆ ಹೋದರೆ ನಮ್ಮ ಕುಂದಾಪುರದ ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ತೆಂಗಿನಕಾಯಿ ಒಡೆದು ಕೈಮುಗಿದು ನಿಂತಿದ್ದ.

"ಎಂತ ಮಾರಾಯ ಇದು?"

"ಗಂಗೆ ಬಂದಿದ್ದಾಳಲ್ಲ ಮಾರಾಯ್ರೆ! ಊರಲ್ಲಿ ಬಾವಿ ತೋಡುವಾಗ ಕಾಯಿ ಒಡೆಯದೆ ಬಿಡ್ತಾರಾ?"

"ಇದು ಬಾವಿಯಲ್ಲ, ಚರಂಡಿ! ಇಲ್ಲಿ ನೀರು ಬರಲೇಬಾರದು!"

ಅಷ್ಟರಲ್ಲಿ ಕಾರು ಬಂತು. ಸಾಹೇಬರೂ ಅರ್ಬಾಬರೂ ಇಳಿದು ನೀರನ್ನು ನೋಡಿದರು, ಕಾಯಿಯ ಎರಡು ಹೋಳುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಕಣ್ಣ ಮುಂದೆ ತಂಗಿಯ ಮುಖ ಬಂತು.

"ಇದೇನು?" ಎಂದರು ಸಾಹೇಬರು.

ಮೇಸ್ತ್ರಿ ಹಲ್ಲುಬಿಟ್ಟು ತನ್ನ ಹಿಂದಿಯಲ್ಲಿ ಹೇಳಿದ: "ಸಾಬ್, ಪಾನಿ ಕೋ ನಮಸ್ತೆ."

ಊಟ ಮುಗಿಸಿ ಬಂದು ತೀರ್ಮಾನ ಹೇಳುತ್ತೇವೆಂದು ಇಬ್ಬರೂ ಹೋದರು. ಅವರು ಮರಳುವಷ್ಟರಲ್ಲಿ ಗುಂಡಿಯ ತಳ ಕಾಣುತ್ತಿತ್ತು. ಸಮುದ್ರದ ಇಳಿತ ಶುರುವಾಗಿತ್ತು, ಅಷ್ಟೇ. ಕರಾವಳಿಯವನಾದ ನನಗೆ ಅದು ಆಗ ಹೊಳೆಯಿತು. ಆದರೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನೀರು ಮತ್ತೆ ಏರುವ ಮೊದಲೇ ಪೈಪು ಕೂರಿಸಿಬಿಟ್ಟೆವು. ಕೆಲಸ ಉಳಿಯಿತು, ತಂಗಿಯ ಮದುವೆಯೂ ಆಯಿತು.

ಮುಂದಿನ ಕೆಲಸ ಈಸಾ ಟೌನಿನಲ್ಲಿ. ಸಾಹೇಬರ ನಕ್ಷೆ ಬಂತು. ಪೈಪು ಅದೇ ಹಿಮದ ಆಳದಲ್ಲಿತ್ತು. ಮೂಲೆಯಲ್ಲಿ ಮಾತ್ರ ಅವರದೇ ಕೈಬರಹದಲ್ಲಿ ಒಂದು ಹೊಸ ಸೂಚನೆ: "ನೀರು ಕಂಡರೆ ತೆಂಗಿನಕಾಯಿ ಒಂದು. ಸಂಶಯವಿದ್ದರೆ ಎರಡು."