ನಿದ್ದೆಗೇಡಿಗಳ ಎರಡನೇ ಚರಣ

ಪುಟ್ಟಿಯ ಅಮ್ಮ ಬಾಲ್ಕನಿಯಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದಾಗ ಬೀದಿಗೆ ಪ್ರಚಾರದ ವ್ಯಾನು ಬಂತು. ಅದರ ಮೈಕಿನಲ್ಲಿ ಒಂದು ಗಿಟಾರು ಎರಡು ಸಲ ಕೆಮ್ಮಿ, ಆಮೇಲೆ ರಾಗ ಹಿಡಿಯಿತು. ಅವಳ ಕೈ ಸಡಿಲವಾಯಿತು. ಒದ್ದೆ ಬೆಡ್‌ಶೀಟು ಕೆಳಮನೆಯ ಮೇಷ್ಟ್ರನ್ನು, ಅವರ ಪೇಪರು ಕಾಫಿಗಳ ಸಮೇತ, ಮುಚ್ಚಿಬಿಟ್ಟಿತು.

"ಯಾರ್ರೀ ಅದು, ಬದುಕಿರೋವಾಗ್ಲೇ ನಂಗೆ ಬಿಳಿ ಬಟ್ಟೆ ಹೊದಿಸಿದ್ದು?"

ಅವಳಿಗೆ ಅದು ಕೇಳಿಸಲೇ ಇಲ್ಲ. ವ್ಯಾನು ಕೂಗುತ್ತಿತ್ತು: "ಇಂದು ಸಂಜೆ ಹೊಸ ಹಾಸಿಗೆ ಅಂಗಡಿಯ ಉದ್ಘಾಟನೆ! ನಿಮ್ಮ ನೆಚ್ಚಿನ ರಾಕ್ ತಂಡ, ನಿದ್ದೆಗೇಡಿಗಳು! ಬಂದವರಿಗೆಲ್ಲ ದಿಂಬು ಉಚಿತ!"

ನಿದ್ದೆಗೇಡಿಗಳು! ಕಾಲೇಜಿನ ದಿನಗಳಲ್ಲಿ ಸೈಕಲ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಅವರು ಹಾಡುವಾಗ, ಕೇಳುವವರಿಗಿಂತ ನೆಲದ ಮೇಲಿನ ವೈರುಗಳೇ ಹೆಚ್ಚಿದ್ದವು. ಹಾಡುಗಾರ ಪ್ರತಿ ಸಲ ಎರಡನೇ ಚರಣ ಮರೆಯುತ್ತಿದ್ದ. ಮುಂದೆ ನಿಂತ ಇವಳು ಹೇಳಿಕೊಡುತ್ತಿದ್ದಳು. ಒಮ್ಮೆ ಅವನು ಮೈಕಿನಲ್ಲೇ ಹೇಳಿದ್ದ: "ಇವಳಿಲ್ಲದಿದ್ರೆ ಈ ಹಾಡು ಮುಗಿಯೋದೇ ಇಲ್ಲ."

ಆ ಮಾತನ್ನು ಅವಳು ಮದುವೆ, ಮನೆಕೆಲಸ, ಮಗಳ ಜ್ವರಗಳ ನಡುವೆಯೂ ಜೇಬಿನಲ್ಲಿಟ್ಟ ಬಿಸಿ ಕಡಲೆಯ ಹಾಗೆ ಕಾಪಾಡಿಕೊಂಡಿದ್ದಳು. ತಂಡ ದೊಡ್ಡದಾಯಿತು, ಟಿಕೆಟ್ಟು ಕೈಗೆ ಎಟುಕದಾಯಿತು. ಆಮೇಲೆ ತಂಡವೂ ಮಂಕಾಯಿತು. ಎಂದಾದರೂ ರೇಡಿಯೊದಲ್ಲಿ ಬಂದರೆ ಮಿಕ್ಸಿ ನಿಲ್ಲಿಸಿ ಕೇಳುತ್ತಿದ್ದಳು, ಅಷ್ಟೆ. ಈಗ ಅವಳಿಗೆ ಬೇಕಾದದ್ದು ಒಂದೇ. ಅವನು ಇವತ್ತೂ ಆ ಚರಣ ಮರೆಯಬೇಕು, ಮರೆತು ತನ್ನ ಕಡೆ ನೋಡಬೇಕು.

"ಅಮ್ಮಾ, ಆ ವ್ಯಾನಲ್ಲಿ..." ಎಂದು ಪುಟ್ಟಿ ಸೆರಗು ಜಗ್ಗಿದಳು.

"ಆಮೇಲೆ ಹೇಳು ಕಂದಾ. ಮೊದ್ಲು ಮೇಷ್ಟ್ರ ಕಾಲಿಗೆ ಬೀಳೋಣ."

ಮೇಷ್ಟ್ರು ಕ್ಷಮಿಸಿದರು, ಆದರೆ ಷರತ್ತು ಹಾಕಿದರು: "ನನ್ನನ್ನೂ ಕರ್ಕೊಂಡು ಹೋಗು. ನಂಗೂ ಒಂದು ದಿಂಬು ಬೇಕು." ಪಕ್ಕದ ಮನೆಯ ನರ್ಸಕ್ಕ ಕರೆಯದೆಯೇ ಬಂದಳು. "ಹಳೇ ಅಭಿಮಾನಿ ಹೀಗಾ ಹೋಗೋದು? ಅವರ ಹೆಸರಿರೋ ಟೀಶರ್ಟ್ ಇತ್ತಲ್ಲೇ, ಹಾಕ್ಕೋ."

ಟೀಶರ್ಟು ಸಿಕ್ಕಿತು. ತಲೆ ಹೊರಗೆ ಬಂತು, ಕೈಗಳು ಬರಲಿಲ್ಲ. ಪುಟ್ಟಿಯ ಅಮ್ಮ ಮೂಟೆಯೊಳಗೆ ಸಿಕ್ಕ ಬೆಕ್ಕಿನಂತೆ ಕೋಣೆಯಲ್ಲೆಲ್ಲ ಸುತ್ತಿದಳು.

"ಉಸಿರು ಒಳಗೆ ಎಳ್ಕೋ!"

"ಎಳ್ಕೊಂಡೇ ಇದೀನಿ ಅಕ್ಕಾ, ಬಿಡೋಕೆ ಆಗ್ತಿಲ್ಲ!"

ಕೊನೆಗೆ ನರ್ಸಕ್ಕ ಕತ್ತರಿ ಹಿಡಿದಳು. "ಪೇಷಂಟ್ ಉಳೀತು. ಟೀಶರ್ಟ್ ಹೋಯ್ತು."

ಹರಿದ ಬಟ್ಟೆಯನ್ನು ಅವಳು ಕ್ಷಣಹೊತ್ತು ಮಡಿಲಲ್ಲಿಟ್ಟುಕೊಂಡು ಕೂತಳು. "ಅಮ್ಮಾ, ಆ ಹಾಡು..." ಎಂದಳು ಪುಟ್ಟಿ. "ಚಪ್ಪಲಿ ಹಾಕ್ಕೋ ಮರಿ, ಹೊತ್ತಾಯ್ತು" ಎಂದು ಅಮ್ಮ ಎದ್ದಳು.

ಅಂಗಡಿಯಲ್ಲಿ ಕುರ್ಚಿಗಳಿರಲಿಲ್ಲ. ಮುಂದಿನ ಸಾಲಿಗೆ ಹಾಸಿಗೆಗಳನ್ನೇ ಹಾಕಿದ್ದರು. ಕೂತವರು ಹುದುಗಿಹೋದರು. ಮೇಷ್ಟ್ರು ಮೊದಲ ಹಾಡಿಗೇ ಗೊರಕೆ ಹೊಡೆದರು. ಊರಿನ ನಿದ್ದೆ ಕೆಡಿಸುತ್ತೇವೆಂದು ಹೊರಟ ತಂಡಕ್ಕೆ ಎಂಥ ಗತಿ! ಹಾಡುಗಾರನ ತಲೆಗೂದಲು ಗಡ್ಡಕ್ಕೆ ವಲಸೆ ಹೋಗಿತ್ತು. ದನಿ ಮಾತ್ರ ಹಾಗೇ ಇತ್ತು. ಅದನ್ನು ಕೇಳುತ್ತ ಅವಳಿಗೆ ಗೋಡೌನಿನ ಗ್ರೀಸಿನ ವಾಸನೆ ಬಂದಂತಾಯಿತು.

ಕೊನೆಗೆ ಆ ಹಾಡು. ಮೊದಲ ಚರಣ ಮುಗಿಯಿತು. ಹಾಡುಗಾರ ಕಣ್ಣು ಮುಚ್ಚಿದ, ತೆರೆದ, ತಡವರಿಸಿದ. ಮರೆತಿದ್ದ! ಮೈಕನ್ನು ಮುಂದಿನ ಸಾಲಿಗೆ ಚಾಚಿದ.

ಅವಳು ಹಾಸಿಗೆಯ ಮೇಲೆ ತೂರಾಡುತ್ತ ಎದ್ದು ನಿಂತಳು. ಅಸಲು ಸಾಲು, 'ಬೀಗ ಮುರಿದು ಬಾ, ಬೆಂಕಿ ಹಿಡಿದು ಬಾ, ಮಲಗಿರುವ ಊರನ್ನು ಎಬ್ಬಿಸೋಣ ಬಾ.' ಆದರೆ ಬಾಯಿಂದ ಬಂದದ್ದು ಬೇರೆ:

"ಬಾಯಿ ತೆರೆದು ಬಾ, ತುತ್ತು ನುಂಗು ಬಾ,
ಹಲ್ಲು ತಿಕ್ಕಿಕೊಂಡು ಮಲಗೋಣ ಬಾ!"

ಪುಟ್ಟಿ ಹುಟ್ಟಿದಾಗಿನಿಂದ ದಿನವೂ ಅವಳಿಗೆ ಉಣಿಸಿ ಮಲಗಿಸಲು ಹಾಡಿದ್ದು ಹೀಗೆ. ನಾಲಿಗೆಗೆ ಈಗ ಬೇರೇನೂ ಗೊತ್ತಿರಲಿಲ್ಲ. ಸಾಲದ್ದಕ್ಕೆ, ಗೋಡೆಯಾಚೆಯಿಂದ ದಿನವೂ ಅದನ್ನೇ ಕೇಳಿದ್ದ ನರ್ಸಕ್ಕ ಗಂಟಲೆತ್ತಿ ದನಿಗೂಡಿಸಿದಳು. ಮೇಷ್ಟ್ರು ನಿದ್ದೆಯಲ್ಲೇ "ಮಲಗೋಣ ಬಾ" ಎಂದರು.

ಎಲ್ಲರೂ ಅವಳತ್ತ ತಿರುಗಿದರು. ಅವಳಿಗೆ ಹಾಸಿಗೆಯೊಳಗೆ ಇಳಿದುಹೋಗಬೇಕೆನಿಸಿತು. ಅಷ್ಟರಲ್ಲಿ ಅಂಗಡಿಯ ಯಜಮಾನ ವೇದಿಕೆಗೆ ಹಾರಿದ.

"ಮಲಗೋಣ ಬಾ! ಇದು ಹಾಡು ಅಂದ್ರೆ! ನಾಳೆಯಿಂದ ಇದೇ ನಮ್ಮ ಜಾಹೀರಾತು. ಹೀಗೇ ಹಾಡ್ತೀರಾ ಸಾರ್?"

"ಅದಕ್ಕೇನು, ಹಾಡೋಣ" ಎಂದ ಹಾಡುಗಾರ. ಇಡೀ ಅಂಗಡಿ ದಿಂಬು ಬೀಸುತ್ತ ಹಾಡಿತು. ಆಮೇಲೆ ಅವನು ಕೆಳಗಿಳಿದು ನೇರ ಅವಳ ಬಳಿಗೇ ಬಂದ. ಅವಳು ಕೂದಲು ಸರಿಮಾಡಿಕೊಂಡಳು.

"ಚೆನ್ನಾಗಿ ಹಾಡಿದ್ರಿ ಮೇಡಂ. ಈ ಸಾಲು ನಿಮಗೆ ಅಂಗಡಿಯವರು ಹೇಳಿಕೊಟ್ರಾ?"

ಅವನ ಕಣ್ಣಿನಲ್ಲಿ ಗೋಡೌನನ್ನು ಹುಡುಕಿದಳು. ಸಿಗಲಿಲ್ಲ. "ಹೂಂ" ಎಂದಳು.

ಅವನು ಯಜಮಾನನ ಕೈ ಕುಲುಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಎಲ್ಲರಿಗಿಂತ ಹೆಚ್ಚು ಹೊತ್ತು.

ಅದು ತನ್ನ ಅಮ್ಮನದೇ ಹಾಡು ಎಂದು ನಂಬಿದ್ದ ಪುಟ್ಟಿ ಈಗ ಅವಳ ಎರಡೂ ಕೈ ಹಿಡಿದು ಚಪ್ಪಾಳೆ ನಿಲ್ಲಿಸಿದಳು.

"ಅಮ್ಮಾ, ಆ ಮಾಮ ನಮ್ಮ ಹಾಡು ಕದ್ಕೊಂಡ್ರು. ನೀನ್ಯಾಕೆ ಚಪ್ಪಾಳೆ ತಟ್ತಿದೀಯ?"